ಒಂದು ಬೆರಳು ಎತ್ತರದ ಅಕ್ಕ

ಟೈಲರ್ ಅಳತೆ ತೆಗೆಯುವಾಗ ನಾನು ಅವನ ಕೈಯನ್ನೇ ನೋಡುತ್ತ ನಿಲ್ಲುತ್ತೇನೆ. ಟೇಪು ಹೆಗಲಿನಿಂದ ಎಲ್ಲಿಗೆ ಹೋಯಿತು, ಬೆರಳು ಎಲ್ಲಿ ನಿಂತಿತು, ಚೀಟಿಯಲ್ಲಿ ಎಷ್ಟು ಬರೆದ, ಎಲ್ಲ ನನಗೆ ಬೇಕು. ಮೊನ್ನೆ ನಮ್ಮ ಬೀದಿಯ ಟೈಲರ್ ಬೇಸರಪಟ್ಟುಕೊಂಡು, "ಎಂತ ಟೀಚರೇ, ನಾನು ಬಟ್ಟೆ ಕದೀತೇನೆ ಅಂತ ಗ್ರಹಿಸಿದಿರಾ?" ಎಂದು ಕೇಳಿಯೇ ಬಿಟ್ಟ. ಛೆ, ರವಿಕೆ ಬಿಗಿಯಾದರೆ ನನಗೇನೂ ಭಯವಿಲ್ಲ, ಹೊಲಿಗೆ ಬಿಚ್ಚಿದರಾಯಿತು. ದೊಗಳೆಯಾದರೇ ಭಯ. ಇದನ್ನು ಅವನಿಗೆ ಹೇಳಿ ಅರ್ಥ ಮಾಡಿಸುವುದು ಹೇಗೆ? ಅವನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ಬೇರೆ. ನಿಮಗಾದರೆ ಪುರುಸೊತ್ತು ಉಂಟು, ಕೂತುಕೊಳ್ಳಿ.

ನನಗೊಬ್ಬಳು ಅಕ್ಕ ಇದ್ದಳು, ಗುಲಾಬಿ ಎಂದು ಹೆಸರು. ನಾನು ಹುಟ್ಟುವ ಹಿಂದಿನ ವರ್ಷ, ಇನ್ನೂ ಮಾತು ಸರಿಯಾಗಿ ಬರುವ ಮೊದಲೇ, ಜ್ವರ ಬಂದು ತೀರಿಕೊಂಡಳು. ಇದ್ದಳು ಎಂದು ಹೇಳುವಾಗ ನಾಲಗೆ ಸ್ವಲ್ಪ ತಡೆಯುತ್ತದೆ, ಯಾಕೆಂದರೆ ಬೆಳುವಾಯಿಯ ನಮ್ಮ ಮನೆಯಲ್ಲಿ ಅವಳು ಇಲ್ಲ ಎಂದು ಯಾರೂ ಯಾವತ್ತೂ ನಡೆದುಕೊಂಡದ್ದಿಲ್ಲ. ಸತ್ತವರಿಗೆ ನಮ್ಮ ಕಡೆ ಕುಲೆ ಅನ್ನುತ್ತಾರೆ. ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಒಂದು ಸಂಜೆ ಮನೆಯ ಕುಲೆಗಳಿಗೆಲ್ಲ ಬಡಿಸುವ ಕ್ರಮ. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ಬಾಯಿ ಮುಚ್ಚಿ ಕೂರಬೇಕು. ಅಜ್ಜನಿಗೆ ಕೋಳಿ ಸಾರು, ಅಜ್ಜಿಗೆ ಎಲೆ ಅಡಿಕೆ. ಗುಲಾಬಿಗೆ ಬೆಲ್ಲ ಕಲಸಿದ ಅವಲಕ್ಕಿ ಮತ್ತು ಎಲೆಯ ಪಕ್ಕದಲ್ಲಿ ಮಡಚಿಟ್ಟ ಒಂದು ಹೊಸ ಲಂಗ.

ಇನ್ನೊಂದು ವಿಷಯ ನಿಮಗೆ ಹೇಳಬೇಕು. ನಮ್ಮಲ್ಲಿ ಸತ್ತ ಮಕ್ಕಳು ಬೆಳೆಯುತ್ತಾರೆ. ಶಾಲೆಗೆ ಹೋಗುವುದಿಲ್ಲ, ಹಲ್ಲು ನೋವು ಅನ್ನುವುದಿಲ್ಲ, ಅಷ್ಟೇ. ವರ್ಷವರ್ಷವೂ ಅವಳ ಲಂಗ ದೊಡ್ಡದಾಗಬೇಕು. ಆದರೆ ಅಳತೆ ಕೊಡಲಿಕ್ಕೆ ಅವಳು ಬರುವುದಿಲ್ಲವಲ್ಲ? ಹಾಗಾಗಿ ಅಮ್ಮ ನನ್ನನ್ನು ಮೂಡಬಿದಿರೆ ಪೇಟೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ನನ್ನ ಸೋದರಮಾವನ ಜವಳಿ ಅಂಗಡಿ, ಅಂಗಡಿಯ ಜಗಲಿಯಲ್ಲಿ ಪಾಸ್ಕು ಪೊರ್ಬುಗಳೆಂಬ ಕ್ರಿಸ್ತುವ ಟೈಲರರ ಹೊಲಿಗೆ ಯಂತ್ರ. ಪೊರ್ಬುಗಳು ನನ್ನ ಅಳತೆ ತೆಗೆದು, "ಅಕ್ಕ ಅಲ್ವ, ಒಂದು ಬೆರಳು ಜಾಸ್ತಿ ಇರಲಿ" ಎಂದು ಟೇಪನ್ನು ಅಷ್ಟು ಮೇಲಕ್ಕೆ ಎಳೆಯುತ್ತಿದ್ದರು. ನನ್ನ ಹೆಗಲಿನ ಮೇಲೆ ಗಾಳಿಯಲ್ಲಿ ಅವರ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು. ಆ ಬೆರಳು ಗಾಳಿಯನ್ನಲ್ಲ, ಬೇರೆ ಏನನ್ನೋ ಒತ್ತಿ ಹಿಡಿದಿದೆ ಎಂದು ನನಗೆ ಅನ್ನಿಸಿ ಬೆನ್ನೆಲ್ಲ ಝುಂ ಎನ್ನುತ್ತಿತ್ತು. ಹಿಂದೆ ತಿರುಗಿ ನೋಡಿದರೆ, "ಅಲುಗಾಡಬೇಡ ಮಗಾ" ಎಂದು ಬೈಸಿಕೊಳ್ಳಬೇಕಿತ್ತು.

ಬಡಿಸಿದ ಮರುದಿನ ಆ ಲಂಗ ನನಗೆ. ಹೊಸ ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಹಾಳು ಮಾಡುವಷ್ಟು ಶ್ರೀಮಂತರು ನಾವಲ್ಲ. ಎಲ್ಲ ಮನೆಗಳಲ್ಲೂ ತಂಗಿಯರು ಅಕ್ಕಂದಿರು ತೊಟ್ಟು ಬಿಟ್ಟದ್ದನ್ನೇ ತೊಡುತ್ತಾರೆ, ನಾನೂ ತೊಟ್ಟೆ. ವ್ಯತ್ಯಾಸವೆಂದರೆ ಉಳಿದವರ ಲಂಗಗಳು ಸವೆದಿರುತ್ತಿದ್ದವು, ನನ್ನದು ಗರಿಗರಿ ಹೊಸದು, ಒಂದು ಬೆರಳು ಉದ್ದ. ಶಾಲೆಯಲ್ಲಿ ಹುಡುಗಿಯರು ನನ್ನನ್ನು "ನೆಲ ಗುಡಿಸುವವಳು" ಎಂದು ಕರೆಯುತ್ತಿದ್ದರು. ನಾನು ಎಷ್ಟು ಬೆಳೆದರೂ ಲಂಗ ನನಗಿಂತ ಮುಂದೆ ಬೆಳೆಯುತ್ತಿತ್ತು. ಅವಳ ಮೇಲೆ ನನಗೆ ಸಿಟ್ಟಿತ್ತು, ನಿಜ ಹೇಳುತ್ತೇನೆ. ಮನೆಯಲ್ಲಿ ಎಲ್ಲರೂ ಅವಳನ್ನು "ನಿನ್ನ ಅಕ್ಕ" ಅನ್ನುತ್ತಿದ್ದರು, ನಾನು ಮಾತ್ರ ಹಠಕ್ಕೆ ಬಿದ್ದು ಗುಲಾಬಿ ಅನ್ನುತ್ತಿದ್ದೆ.

ಅಮ್ಮನಿಗೆ ಅವಳ ಹತ್ತಿರ ಮಾತಾಡುವ ಅಭ್ಯಾಸ. ದೊಡ್ಡ ಸಂಗತಿಯೇನಿಲ್ಲ, ಬೆರಣಿ ತಟ್ಟುವಾಗ, ಅಕ್ಕಿ ಗೇರುವಾಗ, "ವಾರಿಜನಿಗೆ ಪರೀಕ್ಷೆ ಉಂಟು, ನೀನು ಸ್ವಲ್ಪ ನೋಡಿಕೊ" ಎನ್ನುವಂಥದ್ದು. ವಾರಿಜ ಎಂದರೆ ನಾನೇ. ಪರೀಕ್ಷೆಯಲ್ಲಿ ಪಾಸಾದರೆ ಶ್ರೇಯಸ್ಸಿನಲ್ಲಿ ಅರ್ಧ ಗುಲಾಬಿಗೆ ಹೋಗುತ್ತಿತ್ತು. ಹಾಗೆ ಅರ್ಧರ್ಧ ಪಾಸಾಗುತ್ತ ನಾನು ಮೂಡಬಿದಿರೆಯ ಶಾಲೆ ಮುಗಿಸಿ, ಮಂಗಳೂರಿನಲ್ಲಿ ಕಾಲೇಜು ಓದಿ, ಸಸ್ಯಶಾಸ್ತ್ರದಲ್ಲಿ ಪದವಿ ಪಡೆದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ನಮ್ಮ ಪ್ರಾಧ್ಯಾಪಕಿಯೊಬ್ಬರು ನನ್ನಿಂದ ಅರ್ಜಿ ಹಾಕಿಸಿದರು, ಇಂಗ್ಲೆಂಡಿನ ಉತ್ತರದ ಒಂದು ಊರಿನ ವಿಶ್ವವಿದ್ಯಾಲಯದಿಂದ ಸ್ಕಾಲರ್‌ಶಿಪ್ಪು ಸಿಕ್ಕಿತು. ಅರವತ್ತರ ದಶಕದ ಆರಂಭದ ಮಾತು. ಬೆಳುವಾಯಿಯಿಂದ ಬೊಂಬಾಯಿಗೆ ಹೋಟೆಲು ಕೆಲಸಕ್ಕೆ ಹೋದವರಿದ್ದರು, ಹಡಗು ಹತ್ತಿ ಓದಲು ಹೋದ ಹುಡುಗಿ ಇರಲಿಲ್ಲ.

ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ಹೇಳುವವನು ಕೇಳುವವನು ಎರಡೂ ಸೋದರಮಾವ. ಮಾವನಿಗೋ ಹಿಗ್ಗೇ ಹಿಗ್ಗು. ಸೀರೆ ಕೊಳ್ಳಲು ಬಂದವರಿಗೆಲ್ಲ ಇಂಗ್ಲೆಂಡಿನ ಚಳಿಯ ವರ್ಣನೆ. "ಅಲ್ಲಿ ಮಾತಾಡಿದ್ರೆ ಬಾಯಿಂದ ಹೊಗೆ ಬರ್ತದೆ ಮಾರಾಯ್ರೆ" ಎಂದು ಅವರು ಹೇಳುವುದನ್ನು ಕೇಳಿದರೆ ಅಲ್ಲೇ ಹುಟ್ಟಿ ಬಂದವರ ಹಾಗೆ ಇತ್ತು. ಹಡಗಿನ ಟಿಕೇಟು ಆಯಿತು, ಪಾಸ್‌ಪೋರ್ಟು ಬಂತು. ನಾನು ಧೈರ್ಯದ ಮುಖ ಹೊತ್ತುಕೊಂಡು ತಿರುಗಿದೆ. ಒಂದು ದಿನವಾದರೂ ಒಂಟಿಯಾಗಿ ಮಲಗಿದವಳಲ್ಲ ನಾನು.

ಪಾಸ್ಕು ಪೊರ್ಬುಗಳಿಗೆ ನನ್ನ ಪ್ರಯಾಣದ ರವಿಕೆಗಳನ್ನು ಹೊಲಿಯಲು ಕೊಟ್ಟಿದ್ದೆವು. ಅವರೇ ತಂದುಕೊಟ್ಟರು. ತೊಟ್ಟು ನೋಡಿದರೆ, ಒಂದೊಂದೂ ಒಂದು ಬೆರಳು ದೊಡ್ಡದು.

ಮಾವ ನಕ್ಕುಬಿಟ್ಟರು. "ಪೊರ್ಬುಗಳೇ, ಅಭ್ಯಾಸಬಲ! ಈ ಸಲ ಅಕ್ಕನಿಗಲ್ಲ, ತಂಗಿಗೆ."

ಪೊರ್ಬುಗಳು ನಗಲಿಲ್ಲ. ಹಣೆ, ಎದೆ, ಹೆಗಲು ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದರು. "ಧಣಿ, ಈ ಸಲ ನಾನು ಸೇರಿಸಲಿಲ್ಲ. ಬೇಕೂಂತಲೇ ಸೇರಿಸಲಿಲ್ಲ. ಎರಡೆರಡು ಸಲ ಅಳೆದಿದ್ದೇನೆ. ಅಳೆಯುವಾಗ ಟೇಪು ಅಷ್ಟೇ ತೋರಿಸಿತು."

ಅಮ್ಮ ರವಿಕೆಗಳನ್ನು ಮಡಿಲಲ್ಲಿ ಹಾಕಿಕೊಂಡು ಗೋಡೆಗೊರಗಿ ಕೂತಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಇವಳು ಹೊರಟದ್ದು ಅವಳಿಗೆ ಗೊತ್ತಾಗಿದೆ."

ಅಭ್ಯಾಸಬಲವೇ ಇರಬೇಕು, ಎಂದು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ವರ್ಷಗಟ್ಟಲೆ ಒಂದು ಬೆರಳು ಸೇರಿಸಿದ ಕೈ, ಬೇಡವೆಂದರೂ ಸೇರಿಸೀತು. ಆದರೆ ಆ ವಾರ ನನಗೆ ಜ್ವರ ಬಂತು, ಹೊಸ ಟ್ರಂಕಿನ ಬೀಗ ಕಚ್ಚಿಕೊಂಡಿತು, ಮಾವ ಅಂಗಳದಲ್ಲಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡರು. ಮೊಣಕಾಲು ಊದಿದ ಮೇಲೆ ಅವರ ವೈಚಾರಿಕತೆ ಇಳಿಯಿತು. ಕುಂಟುತ್ತ ಪುತ್ತಿಗೆಗೆ ಹೋಗಿ, ಕವಡೆ ಹಾಕಿ ಪ್ರಶ್ನೆ ನೋಡುವ ಬಲ್ಯಾಯರನ್ನು ಕಂಡು ಬಂದರು. ಬಲ್ಯಾಯರು ಹೇಳಿದ್ದಿಷ್ಟು: ದೊಡ್ಡವಳಿಗೆ ಮದುವೆಯ ಪ್ರಾಯ ಮೀರುತ್ತಿದೆ. ಅವಳನ್ನು ಒಂದು ಮನೆ ಸೇರಿಸದೆ ಸಣ್ಣವಳನ್ನು ಹೊಸ್ತಿಲು ದಾಟಿಸಿದರೆ, ಅವಳು ಬಾಗಿಲಲ್ಲೇ ಅಡ್ಡ ನಿಲ್ಲುತ್ತಾಳೆ.

"ಗುಲಾಬಿಯದ್ದು ಆಗದೆ ನೀನು ಸಮುದ್ರ ದಾಟುವುದು ಬೇಡ" ಎಂದು ಅಮ್ಮ ಖಂಡಿತ ಮಾಡಿ ಹೇಳಿದಳು. ಹಡಗು ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ. ಅಷ್ಟರೊಳಗೆ ಗಂಡು ಸಿಕ್ಕಿದರೆ ಇಂಗ್ಲೆಂಡು, ಇಲ್ಲವಾದರೆ ಬೆಳುವಾಯಿ. ನಾನು ಅತ್ತೆ, ಊಟ ಬಿಟ್ಟೆ, ಇದೆಲ್ಲ ಮೌಢ್ಯವೆಂದು ಭಾಷಣ ಮಾಡಿದೆ. ಸೆರಗಿನ ಮರೆಯಲ್ಲಿ ಮಾತ್ರ, ಗಂಡು ಸಿಗದಿದ್ದರೆ ಒಳ್ಳೆಯದಿತ್ತು ಎಂದು ಒಂದು ಸಣ್ಣ ಆಸೆ ಉಂಟಾಗಿತ್ತು. ಭಯ ಅಂಥದ್ದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಸತ್ತವರ ಮದುವೆ ಮಾಡಿ ನೋಡಿರಲಿಕ್ಕಿಲ್ಲ. ಮಾವ ಊರೂರು ಸುತ್ತಿ, ಸಣ್ಣದರಲ್ಲಿ ತೀರಿಹೋದ ಹುಡುಗರನ್ನು ವಿಚಾರಿಸತೊಡಗಿದರು. ಕನ್ಯಾನದ ಕಡೆ ಒಂದು ಸಂಬಂಧ ಬಂತು, ಒಳ್ಳೆಯ ಮನೆತನ, ಹಾವು ಕಚ್ಚಿ ಹೋದ ಹುಡುಗ. ವಿಚಾರಿಸಿದರೆ ಗುಲಾಬಿಗಿಂತ ಪ್ರಾಯದಲ್ಲಿ ಸಣ್ಣವ. "ಹುಡುಗಿಗಿಂತ ಚಿಕ್ಕವ ಆಗುವುದಿಲ್ಲ, ನಾಳೆ ಹೇಳಿದ ಮಾತು ಕೇಳದಿದ್ದರೆ?" ಎಂದು ಅಮ್ಮ ಬೇಡವೆಂದಳು. ಬೆಳ್ತಂಗಡಿಯ ಕಡೆ ಇನ್ನೊಂದು ನೋಡಿದರು. ಅದು ತಾಯಿಯ ಕಡೆಯಿಂದ ನಮ್ಮದೇ ಬಳಿ, ಅಂದರೆ ಗೋತ್ರವಿದ್ದ ಹಾಗೆ, ಅಣ್ಣ ತಂಗಿ ಆಗುತ್ತಾರೆ. ಮಾವ ಮನೆಗೆ ಬಂದು ಚಪ್ಪಲಿ ಬಿಡುತ್ತ, "ಬದುಕಿದ ಹುಡುಗನಾದರೆ ಇಷ್ಟೊತ್ತಿಗೆ ಮಗು ತೊಟ್ಟಿಲಲ್ಲಿ ಇರ್ತಿತ್ತು" ಎಂದು ಉಸ್ಸೆಂದರು.

ಕಡೆಗೆ ಬಂಟ್ವಾಳದ ಸಂಬಂಧ ಕೂಡಿಬಂತು. ಹೊಳೆಬದಿಯ ಮನೆ. ಸಂಕಮ್ಮ ಎಂಬ ವಿಧವೆಯ ಒಬ್ಬನೇ ಮಗ, ಬಾಬು. ನೇತ್ರಾವತಿಯಲ್ಲಿ ನೆರೆ ಬಂದಾಗ ಮೆಟ್ಟಿಲಲ್ಲಿ ಆಡುತ್ತಿದ್ದವನನ್ನು ನೀರು ಎಳೆದುಕೊಂಡು ಹೋಗಿತ್ತು. ಬಳಿ ಬೇರೆ, ಪ್ರಾಯ ಸರಿ. ಸಂಕಮ್ಮ ಹೇಳಿ ಕಳುಹಿಸಿದರು: "ನಾನೊಮ್ಮೆ ಹುಡುಗಿಯನ್ನು ನೋಡಬೇಕು."

ನೋಡಬೇಕಂತೆ! ನಾನು ನಗುವುದೋ ಅಳುವುದೋ ತಿಳಿಯದೆ ಅಮ್ಮನ ಮುಖ ನೋಡಿದೆ. ಅಮ್ಮ ಅದಾಗಲೇ ಗುಲಾಬಿಗೆಂದು ತಂದ ಹಸಿರು ಸೀರೆಯನ್ನು ನನ್ನ ಕೈಗೆ ಕೊಟ್ಟಿದ್ದಳು.

ಸಂಕಮ್ಮ ತಮ್ಮನೊಂದಿಗೆ ಬಂದರು. ತೆಳ್ಳಗಿನ, ಮೆಲುದನಿಯ ಹೆಂಗಸು. ಕಾಫಿ, ಗೋಳಿಬಜೆ ಆಯಿತು. ನನ್ನನ್ನು ಕರೆದು ಚಾವಡಿಯಲ್ಲಿ ನಿಲ್ಲಿಸಿದರು. "ಇವಳು ತಂಗಿ. ಅವಳು ಹೀಗೇ. ಸ್ವಲ್ಪ ಎತ್ತರ" ಎಂದಳು ಅಮ್ಮ. ಸಂಕಮ್ಮ ನನ್ನ ಮುಖ ನೋಡಿದರು. ಆಮೇಲೆ ಅವರ ಕಣ್ಣು ನನ್ನ ಮುಖ ಬಿಟ್ಟು, ಬೈತಲೆಯ ಮೇಲೆ ಹೋಗಿ, ಅಲ್ಲಿ ಖಾಲಿ ಜಾಗದಲ್ಲಿ ನಿಂತಿತು. ತುಂಬ ಹೊತ್ತು ನಿಂತಿತು. ಮುಗುಳ್ನಕ್ಕರು.

"ಚಂದ ಉಂಟು ಹುಡುಗಿ. ಸ್ವಲ್ಪ ನಾಚಿಕೆಯ ಸ್ವಭಾವ, ಅಲ್ವ?"

ನನ್ನನ್ನು ಬಲ್ಲ ಯಾರೂ ಜನ್ಮದಲ್ಲಿ ನನಗೆ ನಾಚಿಕೆ ಉಂಟೆಂದು ಹೇಳಿದ್ದಿಲ್ಲ. ನನ್ನ ಕುತ್ತಿಗೆಯ ಹಿಂದೆ ಯಾರೋ ತಲೆ ತಗ್ಗಿಸಿದ ಹಾಗೆ ತಣ್ಣಗೆ ಗಾಳಿಯಾಡಿತು. ಕಿಟಕಿ ತೆರೆದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಬದುಕಿದವರ ಮದುವೆ ಆಟಿಯಲ್ಲಿ ಆಗುವುದಿಲ್ಲ, ಇಂಥ ಮದುವೆಗಳಿಗೆ ಅದೇ ಪ್ರಶಸ್ತ. ಒಂದು ಮುಸ್ಸಂಜೆ ಗಂಡಿನ ಕಡೆಯವರು ಧಾರೆ ಸೀರೆ, ಕರಿಮಣಿ, ಹೂ ಹಿಡಿದುಕೊಂಡು ಬಂದರು. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಬಾಬುವಿನ ಪಂಚೆ, ಅಂಗಿ, ಶಾಲು. ಇನ್ನೊಂದು ಖಾಲಿ, ಯಾಕೆಂದರೆ ಹುಡುಗಿ ಇನ್ನೂ ಸೀರೆ ಉಟ್ಟಿಲ್ಲ. ಉಡಲಿಕ್ಕೆ ಅವಳಿಗೂ ಹೊತ್ತು ಬೇಕಲ್ಲ? ಸೀರೆಯನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಕಾಯಬೇಕು. ಮದುಮಗಳ ಜತೆಗೆ ತಂಗಿಯಾದವಳು ಇರಬೇಕೆಂದು ಹೇಳಿ ನನ್ನನ್ನು ಒಳಗೆ ತಳ್ಳಿ ಚಿಲಕ ಹಾಕಿದರು.

ಒಂದು ಕಾಲುದೀಪ, ಒಂದು ಬೆಂಚು, ಬೆಂಚಿನ ಮೇಲೆ ಸೀರೆ, ನಾನು. ಹೊರಗೆ ಇಷ್ಟು ಜನರಿದ್ದೂ ಒಂದು ಕೆಮ್ಮಿನ ಸದ್ದಿಲ್ಲ. ಸಸ್ಯಶಾಸ್ತ್ರದ ಪದವೀಧರೆ ನಾನು, ಎಲೆಯೊಳಗೆ ನೀರು ಹೇಗೆ ಏರುತ್ತದೆಂದು ಹೇಳಬಲ್ಲೆ. ಸತ್ತ ಹುಡುಗಿ ಸೀರೆ ಉಡಲು ಎಷ್ಟು ಹೊತ್ತು ಬೇಕೆಂದು ನಮಗೆ ಯಾರೂ ಪಾಠ ಮಾಡಿರಲಿಲ್ಲ. ಗೋಡೆ ನೋಡಿದೆ, ಉಗುರು ನೋಡಿದೆ. ಹೊರಗಿನಿಂದ ಚಿಕ್ಕಮ್ಮ, "ಆಯ್ತಾ?" ಎಂದು ಕೇಳಿದಳು.

"ಇಲ್ಲ, ನೆರಿಗೆ ಹಿಡಿಯುತ್ತಿದ್ದಾಳೆ" ಎಂದೆ.

ಹೇಳಿದವಳು ನಾನೇ. ಯಾಕೆ ಹೇಳಿದೆ, ದೇವರಿಗೇ ಗೊತ್ತು. ಬೆಂಚಿನ ಕಡೆ ತಿರುಗದೆ, ದೀಪದ ಕಡೆಗೇ ಮುಖ ಮಾಡಿ, ಮೆಲ್ಲಗೆ ಕೇಳಿದೆ: "ಗುಲಾಬಿ, ನಿನಗೆ ಹೋಗಲಿಕ್ಕೆ ಮನಸ್ಸುಂಟಾ? ನನಗಂತೂ ಇಲ್ಲ ಮಾರಾಯ್ತಿ. ಹೆದರಿಕೆ ಆಗ್ತದೆ." ಯಾರಿಗೂ ಹೇಳದ ಮಾತು ಅದು. ರೇಷ್ಮೆ ಸೀರೆಯ ಸರಸರ ಸದ್ದೊಂದು ಬಂತು, ಅಷ್ಟೇ. ಹಲ್ಲಿಯಿರಬಹುದು. ಬಾಗಿಲು ತೆರೆದಾಗ ಹೆಂಗಸರು ಬಂದು ಸೀರೆಯನ್ನೆತ್ತಿ ಮಣೆಯ ಮೇಲಿಟ್ಟರು. ಚಿಕ್ಕಮ್ಮ ನನ್ನನ್ನು ನೋಡಿ, "ಒಳ್ಳೇ ನೆರಿಗೆ ಹಿಡಿದಿದ್ದಿ" ಎಂದಳು. ನಾನು ಸೀರೆಯನ್ನು ಮುಟ್ಟಿರಲಿಲ್ಲ.

ಧಾರೆಯಾಯಿತು. ಕರಿಮಣಿಯನ್ನು ಸೀರೆಯ ಮೇಲಿಟ್ಟರು. ಊಟವೂ ಆಯಿತು, ಪಾಯಸ ಚೆನ್ನಾಗಿತ್ತು. ಹೆಣ್ಣನ್ನು ಒಪ್ಪಿಸಿಕೊಡುವಾಗ ಅಮ್ಮ ಅತ್ತದ್ದನ್ನು ನಾನು ಮರೆಯಲಾರೆ. ಗುಲಾಬಿ ಸತ್ತಾಗ ಅತ್ತಿದ್ದಾಳೋ ಇಲ್ಲವೋ ನಾನು ಕಂಡಿಲ್ಲ. ಅಂದು ಸೀರೆಯ ಗಂಟನ್ನು ಎದೆಗೊತ್ತಿಕೊಂಡು, "ನನ್ನ ಮನೆ ಖಾಲಿಯಾಯ್ತು ಮಗಾ" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊಟ್ಟೆಕಿಚ್ಚಾಯಿತು ಎಂದರೆ ನಗುತ್ತೀರಿ.

ದಿಬ್ಬಣ ಬಂಟ್ವಾಳಕ್ಕೆ ಹಿಂದಿರುಗಿದ್ದು ಮರುದಿನ ಬೆಳಗಿನ ಮಾಮೂಲು ಬಸ್ಸಿನಲ್ಲಿ. ಬೀಳ್ಕೊಡಲು ನಾನೂ ಮಾವನೂ ಹೋಗಿದ್ದೆವು. ಬಸ್ಸು ತುಂಬಿ ಜನ ನೇತಾಡುತ್ತಿದ್ದರೂ ಸಂಕಮ್ಮ ತನ್ನ ಮುಂದಿನ ಎರಡು ಸೀಟನ್ನು ಖಾಲಿ ಬಿಡಿಸಿದ್ದರು. ಕಂಡಕ್ಟರು ಗದರಿಸಲು ಬಂದ. "ಜನ ಉಂಟು" ಎಂದರು ಸಂಕಮ್ಮ. ಅವನು ಸೀಟಿನ ಮೇಲಿದ್ದ ಹೂವು, ಕರಿಮಣಿ ನೋಡಿದ. ಊರಿನವನೇ. ನಿಂತಿದ್ದವರಿಗೆ, "ಸ್ವಲ್ಪ ಹಿಂದೆ ಹೋಗಿ, ಮದುಮಕ್ಕಳಿಗೆ ತಾಗುತ್ತದೆ" ಎಂದ. ಎಲ್ಲರೂ ಹಿಂದೆ ಸರಿದರು.

ಇನ್ನು ನನ್ನ ದಾರಿ ಸಲೀಸು ಎಂದು ಮಾವ ಅಂದುಕೊಂಡರು. ಚಾರ್ಮಾಡಿ ಘಾಟಿ ಹತ್ತಿ, ಕಡೂರಿನಲ್ಲಿ ರೈಲು ಹಿಡಿದು ಬೊಂಬಾಯಿಗೆ ಹೋಗುವುದೆಂದಾಯಿತು. ಮೂಡಬಿದಿರೆಯಿಂದ ಬೆಳ್ತಂಗಡಿಗೆ ವೇಣೂರಿನ ಮಾರ್ಗ ಹತ್ತಿರ. ಆದರೆ ಅಮ್ಮ, "ಬಂಟ್ವಾಳಕ್ಕೆ ಹೋಗಿ ಅಕ್ಕನಿಗೆ ಹೇಳಿಯೇ ಹೋಗಬೇಕು" ಎಂದಳು. ನನ್ನನ್ನು ಕಳುಹಿಸುವಾಗ ಅಮ್ಮ ಅಳಲಿಲ್ಲ. ಅವಳಿಗೆ ಧೈರ್ಯವಿತ್ತು, ದೊಡ್ಡವಳನ್ನು ಸರಿಯಾದ ಕೈಗೆ ಒಪ್ಪಿಸಿದ್ದಳಲ್ಲ.

ಹೊಳೆಬದಿಯ ಆ ಮನೆಯಲ್ಲಿ ಸಂಕಮ್ಮ ಮಾವನಿಗೆ ಬೆಲ್ಲ ನೀರು ಕೊಟ್ಟು ಕೂರಿಸಿ, ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು. ಕೊಡಪಾನ ಇಳಿಸುತ್ತ, ಹಗ್ಗದ ಸದ್ದಿನಲ್ಲಿ ಮಾತು ಮುಚ್ಚಿಕೊಳ್ಳುವ ಹಾಗೆ ಹೇಳಿದರು.

"ಮಗಾ, ನಿನ್ನ ಅಕ್ಕ ನಮ್ಮಲ್ಲಿಗೆ ಬಂದಿಲ್ಲ."

ನನಗೆ ಅರ್ಥವಾಗಲಿಲ್ಲ.

"ಎರಡು ಎಲೆ ಹಾಕ್ತೇನೆ. ಬಾಗಿಲು ಮುಚ್ಚಿ ತೆರೆದರೆ ಬಾಬುವಿನ ಎಲೆಯಲ್ಲಿ ಬೆರಳಾಡಿಸಿದ ಗುರುತು ಉಂಟು, ಯಾವಾಗಲೂ ಉಂಟು. ಅವಳ ಎಲೆ ಬಡಿಸಿದ ಹಾಗೇ ಉಂಟು. ಬಸ್ಸಿನಲ್ಲೇ ನನಗೆ ಗೊತ್ತಾಯ್ತು. ಬೆಳುವಾಯಿ ದಾಟುವಾಗ ಸೀಟು ಹಗುರ ಆದ ಹಾಗೆ."

ಈ ಮಾತು ಮಾವನ ಕಿವಿಗೆ ಬಿದ್ದರೆ ಟ್ರಂಕು ಅಲ್ಲಿಂದಲೇ ಹಿಂದಕ್ಕೆ ಹೋಗುತ್ತದೆ. ಇಂಗ್ಲೆಂಡು ಮುಗಿಯಿತು. ಕೆಲವೇ ದಿನಗಳ ಹಿಂದೆ ನಾನು ಬಯಸಿದ್ದೂ ಅದನ್ನೇ. ಆ ಕ್ಷಣದಲ್ಲಿ ಮಾತ್ರ, ನನಗೆ ಹೋಗಬೇಕು, ಹೋಗಲೇಬೇಕು ಎಂದು ಮೈಯೆಲ್ಲ ಕೂಗಿತು.

ಸಂಕಮ್ಮ ನನ್ನ ಮುಖ ನೋಡಿದರು. "ನಾನು ಯಾರಿಗೂ ಹೇಳುವುದಿಲ್ಲ. ಕಲಿಯಲಿಕ್ಕೆ ಹೊರಟವಳನ್ನು ನಿಲ್ಲಿಸಬಾರದು. ನನ್ನವನಿಗೆ ಅ ಆ ಕಲಿಯಲಿಕ್ಕೂ ಆಯುಷ್ಯ ಇರಲಿಲ್ಲ. ನೀನು ಹೋಗು. ದಾರಿಯಲ್ಲಿ ಅವಳು ಜತೆಗಿದ್ದಾಳೆ ಅಂತ ಕಂಡರೆ ಗದರಿಸಬೇಡ, ಅಷ್ಟೇ." ಊಟಕ್ಕೆ ನಿಲ್ಲೆಂದರು. ಆ ಒಳಕೋಣೆಯ ಮುಂದೆ ಕೂತು ಉಣ್ಣುವ ಧೈರ್ಯ ನನಗಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಮಾವನನ್ನು ಎಬ್ಬಿಸಿಕೊಂಡು ಹೊರಟೆ.

ಬೆಳ್ತಂಗಡಿಯಲ್ಲಿ ಬಸ್ಸಿಗೆ ಜನ ಮುಗಿಬಿದ್ದರು. ಮಾವ ಮುಂದೆ ಟ್ರಂಕಿನ ಪಕ್ಕ ಕೂತಿದ್ದರು, ನಾನು ಹಿಂದೆ ಕಿಟಕಿಯ ಬಳಿ. ನನ್ನ ಪಕ್ಕದ ಸೀಟು ಖಾಲಿ. ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಂದಳು, ನೋಡಿದಳು, ಮುಂದೆ ಹೋಗಿ ನಿಂತಳು. ಮುದುಕನೊಬ್ಬ ಬಂದ, "ಓ" ಎಂದು ಹಿಂದೆ ಸರಿದ. ಉಜಿರೆ ದಾಟಿತು, ಘಾಟಿಯ ತಿರುವುಗಳು ಸುರುವಾದವು, ಮಂಜು ಕಿಟಕಿಯಿಂದ ಒಳಗೆ ಬಂತು. ನಿಂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೂ ಯಾರೂ ಅಲ್ಲಿ ಕೂರಲಿಲ್ಲ. ನಾನೇ ಒಬ್ಬಾಕೆಯನ್ನು ಕರೆದು, "ಇಲ್ಲಿ ಬನ್ನಿ, ಜಾಗ ಉಂಟು" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ಅಲ್ಲಿ ನಿಮ್ಮವರು ಕೂತಿದ್ದಾರಲ್ಲ" ಎಂದಳು.

ನಾನು ಗದರಿಸಲಿಲ್ಲ. ಕಿಟಕಿಯ ಕಡೆಗೆ ಸ್ವಲ್ಪ ಒತ್ತಿಕೊಂಡು ಕೂತೆ.

ರೈಲಿನಲ್ಲೂ ಹಾಗೆಯೇ, ಬೊಂಬಾಯಿಯಲ್ಲಿ ಉಳಿದುಕೊಂಡ ನೆಂಟರ ಕೋಣೆಯಲ್ಲೂ ಹಾಗೆಯೇ. ಎಡಗಡೆಗೆ ಒಬ್ಬರಿಗಾಗುವಷ್ಟು ಜಾಗ ತಣ್ಣಗೆ ಉಳಿಯುತ್ತಿತ್ತು. ಹಡಗು ಕಟ್ಟೆ ಬಿಡುವಾಗ ತುಂತುರು ಮಳೆ. ನಾನು ಕಂಬಿ ಹಿಡಿದುಕೊಂಡು ಕೆಳಗೆ ಮಾವನನ್ನು ಹುಡುಕಿದೆ. ಜನಸಾಗರ, ಕೈ ಬೀಸುವವರು, ಅಳುವವರು. ಮಾವನ ಕೊಡೆ ಕಂಡಿತು. ಆದರೆ ಕೊಡೆ ಅವರ ತಲೆಯ ಮೇಲೆ ಇರಲಿಲ್ಲ. ಕೈಯನ್ನು ಪಕ್ಕಕ್ಕೆ ಚಾಚಿ ಹಿಡಿದಿದ್ದರು, ಅವರ ಅರ್ಧ ಅಂಗಿ ಒದ್ದೆಯಾಗಿತ್ತು. ಕೊಡೆಯ ಕೆಳಗೆ ಯಾರೂ ಇಲ್ಲ. ಅಷ್ಟು ನೂಕುನುಗ್ಗಲಿನಲ್ಲೂ 'ಯಾರೂ ಇಲ್ಲ'ದ ಆ ಜಾಗವನ್ನು ಸುತ್ತುಹಾಕಿಕೊಂಡು ಜನ ನಡೆಯುತ್ತಿದ್ದರು. ಕೊನೆಗೂ ನನ್ನ ಎಡಗಡೆ ಬೆಚ್ಚಗಾಯಿತು. ಯಾರೋ ಗುಜರಾತಿ ಹೆಂಗಸು ಅಲ್ಲಿ ಬಂದು ನಿಂತು, ನನ್ನ ಹೆಗಲಿಗೆ ಹೆಗಲು ತಾಗಿಸಿ ತನ್ನವರಿಗೆ ಕೈ ಬೀಸುತ್ತಿದ್ದಳು.

ಆಮೇಲೆ ಸಮುದ್ರ, ವಾಂತಿ, ಮತ್ತೆ ಸಮುದ್ರ. ಇಂಗ್ಲೆಂಡಿನ ಆ ಊರಿನಲ್ಲಿ ಬಾಯಿಂದ ನಿಜವಾಗಿ ಹೊಗೆ ಬಂತು, ಮಾವ ಸುಳ್ಳು ಹೇಳಿರಲಿಲ್ಲ. ಬೇಯಿಸಿದ ಬಟಾಟೆ, ಉಪ್ಪಿಲ್ಲದ ಮೀನು, ಬೂದಿ ಬಣ್ಣದ ಮಧ್ಯಾಹ್ನಗಳು. ಮೊದಲ ದಿನ ತರಗತಿಗೆ ಹೋಗುವಾಗ ರಸ್ತೆಯ ನಡುವೆ ನಿಂತು, ಎಡಗಡೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ತಣ್ಣಗೂ ಇರಲಿಲ್ಲ, ಅಂದರೆ ಎಲ್ಲ ಕಡೆಯೂ ಒಂದೇ ತರ ಚಳಿ. ಅಂದು ನನಗೆ ಆದಷ್ಟು ಭಯ ಚಾರ್ಮಾಡಿಯಲ್ಲಿ ಆಗಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಬರೇ ಒಬ್ಬಳಾಗಿದ್ದೆ. ಕೋಟಿನ ತೋಳಿನಲ್ಲಿ ಮೂಗೊರೆಸಿಕೊಂಡು ತರಗತಿಗೆ ಹೋದೆ. ಮರುದಿನವೂ ಹೋದೆ. ಹಾಗೆ ಕಲಿಯುವುದು ಮುಗಿಯಿತು.

ಊರಿಗೆ ಹಿಂದಿರುಗಿದ ಮೇಲೆ ಮಾವನನ್ನು ಕೊಡೆಯ ಬಗ್ಗೆ ಕೇಳಿದೆ. "ಗಾಳಿ ಇತ್ತು ಮಾರಾಯ್ತಿ, ಕೊಡೆ ಎಳೀತಿತ್ತು" ಎಂದರು, ನನ್ನ ಕಣ್ಣು ತಪ್ಪಿಸಿ. ಅಮ್ಮ ಪ್ರತಿ ದೀಪಾವಳಿಗೆ ಬಂಟ್ವಾಳಕ್ಕೆ ಹೋಗಿ ಮಗಳ ಮನೆ ನೋಡಿ ಬರುತ್ತಿದ್ದಳಂತೆ. ನನಗೆ ಎದೆಯಲ್ಲಿ ಮುಳ್ಳು. ಬಾರದ ಸೊಸೆಯ ಸುದ್ದಿಯನ್ನು ಸಂಕಮ್ಮ ವರ್ಷವರ್ಷ ಹೇಗೆ ಕಟ್ಟಿ ಹೇಳಿದರೋ! ಕೈಮುಗಿದು ಬರೋಣವೆಂದು ಒಬ್ಬಳೇ ಬಂಟ್ವಾಳಕ್ಕೆ ಹೋದೆ.

ಸಂಕಮ್ಮನಿಗೆ ಮುಪ್ಪು ಬಂದಿತ್ತು. ನನಗಾಗಿ ಇಷ್ಟು ವರ್ಷ ಸುಳ್ಳು ಹೇಳಿದಿರಲ್ಲ ಎಂದ ನನ್ನ ಮಾತು ಕೇಳಿ, "ಎಂತ ಸುಳ್ಳು?" ಎಂದರು. "ಅವಳು ಬಂದಿದ್ದಾಳಲ್ಲ. ನೀನು ಹೋದ ಮೇಲೆ, ಸೋಣ ತಿಂಗಳಲ್ಲಿಯೇ. ಬೆಳಿಗ್ಗೆ ದೀಪ ಇಡಲಿಕ್ಕೆ ಕೋಣೆ ತೆರೆದರೆ ಮಣೆಯಲ್ಲಿ ಇಟ್ಟ ಧಾರೆ ಸೀರೆಯ ಅಂಚು ಪೂರಾ ಒದ್ದೆ. ಮಾಡು ಸೋರುವುದಿಲ್ಲ. ಹೊಳೆನೀರೋ ಅಂತ ನಾಲಗೆಗೆ ಮುಟ್ಟಿಸಿ ನೋಡಿದೆ. ಉಪ್ಪು."

ಮಳೆಗಾಲದಲ್ಲಿ ಬಂಟ್ವಾಳದ ಹೊಳೆಯಲ್ಲಿ ಉಪ್ಪು ಇರುವುದಿಲ್ಲ. ಇದು ಯಾವ ಪದವಿಯೂ ಇಲ್ಲದೆ ಅಲ್ಲಿನ ಮಕ್ಕಳಿಗೂ ಗೊತ್ತು.

"ಆ ದಿನ ಅವಳ ಎಲೆಯಲ್ಲಿ ಒಂದು ಅಗುಳು ಅವಲಕ್ಕಿ ಉಳಿಯಲಿಲ್ಲ. ಪಾಪ, ಎಷ್ಟು ಹಸಿದಿದ್ದಳೋ. ನಿನ್ನ ಮಾವ ಬೊಂಬಾಯಿಯಿಂದ ಬಂದು, ನೀನು ಹಡಗು ಹತ್ತಿದ ವಿಷಯ ಹೇಳಿದ್ದು ಅದರ ಮತ್ತೆ." ಸಂಕಮ್ಮ ನನ್ನ ಗಲ್ಲ ಹಿಡಿದು, ಈ ಸಲ ನನ್ನ ಕಣ್ಣನ್ನೇ ನೋಡಿದರು. "ನಿನಗೆ ಹೆದರಿಕೆ ಅಂತ ಅವಳ ಹತ್ತಿರ ಹೇಳಿದ್ದಿಯೇನೋ. ನಿನ್ನನ್ನು ಹಡಗು ಹತ್ತಿಸಿಯೇ ಗಂಡನ ಮನೆಗೆ ಬಂದದ್ದು ಮಗಾ ಅವಳು."

ಬೆಳುವಾಯಿಯಿಂದ ಹೊರಡುವಾಗ ಅಳಲಿಲ್ಲ, ಬೊಂಬಾಯಿಯಲ್ಲಿ ಅಳಲಿಲ್ಲ, ಆ ಅಂಗಳದಲ್ಲಿ ನಿಂತು ಅತ್ತೆ. ಒಳಗೆ ಹೋಗಿ, ಮುಚ್ಚಿದ ಕೋಣೆಯ ಬಾಗಿಲಿಗೆ ಕೈಯಿಟ್ಟು, ಹುಟ್ಟಿದಂದಿನಿಂದ ಒಮ್ಮೆಯೂ ಕರೆಯದ ಹಾಗೆ, "ಅಕ್ಕಾ" ಎಂದು ಕರೆದೆ.

ಸಂಕಮ್ಮ ಹಿಂದಿನಿಂದ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಮೆಲ್ಲ ಮಗಾ. ಊಟ ಮಾಡಿ ಇಬ್ಬರೂ ಈಗಷ್ಟೇ ಮಲಗಿದ್ದಾರೆ."